ನೌಕೆ ಒಂದೇ, ಅಳತೆ ಹಲವು

ರಾಯಚೂರು ಜಿಲ್ಲೆಯ ಅರಕೇರಾ, ದೇವದುರ್ಗ, ಮಾನ್ವಿ ಸೀಮೆಯ ಬಯಲಾಟದ ಅಟ್ಟದ ಮೇಲೆ ರಂಗಸಾಮಗ್ರಿ ಎಂಬುದು ತೀರ ಕಡಿಮೆ. ಒಂದು ಕುರ್ಚಿಯೋ ಒಂದು ಬೆಂಚೋ ಇದ್ದರೆ ಅದೇ ಕೌರವನ ಸಿಂಹಾಸನ, ಅದೇ ಅರ್ಜುನನ ರಥ, ಪ್ರಸಂಗ ಬೇಡಿದರೆ ಅದೇ ರಾವಣನ ಪುಷ್ಪಕ ವಿಮಾನ. ಸಾರಥಿ ಬಂದು ಯಾರು, ಯಾವ ಪಟ್ಟಣದ ಅರಸರು ಎಂದು ವಿಚಾರಿಸುತ್ತಾನೆ, ಪಾತ್ರಧಾರಿ ತನ್ನ ಹೆಸರನ್ನೂ ಬಿರುದುಗಳನ್ನೂ ಹೇಳಿಕೊಳ್ಳುತ್ತಾನೆ, ಹಿಮ್ಮೇಳ ಪದ ಎತ್ತುತ್ತದೆ; ಅಷ್ಟು ಹೊತ್ತಿಗೆ ಬೆಂಚು ಆಕಾಶಕ್ಕೆ ಏರಿಯಾಗಿರುತ್ತದೆ. ನಡುರಾತ್ರಿ ವಿಮಾನವಾಗಿದ್ದ ಅದೇ ಬೆಂಚು ಬೆಳಗಿನ ಜಾವಕ್ಕೆ ಕೈಲಾಸವಾದರೂ ಕುಳಿತವರಲ್ಲಿ ಒಬ್ಬರೂ ತಕರಾರು ತೆಗೆಯುವುದಿಲ್ಲ. ಆದರೆ ಅದೇ ಪ್ರೇಕ್ಷಕರು ಊರಿನ ಟಾಕೀಸಿಗೆ ಹೋಗಿ ಕುಳಿತಾಗ, ನಾಯಕನ ಎಡಗೈಯಲ್ಲಿದ್ದ ಗಡಿಯಾರ ಮರುಕ್ಷಣ ಬಲಗೈಯಲ್ಲಿ ಕಂಡರೆ ಸಾಕು, ಹಿಂದಿನ ಸಾಲಿನಿಂದ ನಗು ಎದ್ದೇಳುತ್ತದೆ. ನೋಡುವ ಕಣ್ಣು ಒಂದೇ ಆಗಿದ್ದರೂ ಒಂದು ಕಡೆ ಇಲ್ಲದ ದೋಷ ಇನ್ನೊಂದು ಕಡೆ ಹುಟ್ಟುವುದಕ್ಕೆ ಕಾರಣ, ಎರಡು ಕಲೆಗಳು ನೋಡುಗರಿಗೆ ಕೊಡುವ ಮಾತು ಬೇರೆ ಬೇರೆಯಾಗಿರುವುದು. ಬೆಂಚು ತಾನು ರಥವೆಂದು ಒಪ್ಪಿಸುತ್ತದೆಯೇ ಹೊರತು ಇಡೀ ರಾತ್ರಿ ಅದೇ ರಥವಾಗಿರುತ್ತೇನೆಂದು ಮಾತು ಕೊಟ್ಟಿರುವುದಿಲ್ಲ. ಕ್ಯಾಮೆರಾ ಮಾತ್ರ ಪ್ರತಿ ಚೌಕಟ್ಟಿನಲ್ಲಿಯೂ ಆ ಮಾತನ್ನು ಕೊಡುತ್ತಲೇ ಇರುತ್ತದೆ.

ಕೊಟ್ಟ ಈ ಮಾತನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಚಿತ್ರೋದ್ಯಮದಲ್ಲಿ ಕಂಟಿನ್ಯುಟಿ ಎಂದು ಹೆಸರು. ಕನ್ನಡದಲ್ಲಿ ಅದನ್ನು ಸಾತತ್ಯ ಎನ್ನಬಹುದು. ಒಂದು ದೃಶ್ಯದಿಂದ ಇನ್ನೊಂದಕ್ಕೆ ವಸ್ತು, ವೇಷ, ಬೆಳಕು, ಜಾಗ ಇವೆಲ್ಲ ಬದಲಾಗದೆ ಮುಂದುವರಿಯಬೇಕೆಂಬುದು ಅದರ ಅರ್ಥ. ಚಲನಚಿತ್ರವನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದು ಅಪರೂಪ. ಮನೆಯ ಬಾಗಿಲು ತಟ್ಟುವ ಶಾಟನ್ನು ಹಳ್ಳಿಯೊಂದರಲ್ಲಿ ತೆಗೆದು, ಬಾಗಿಲು ತೆರೆದು ಒಳಗೆ ಕಾಲಿಡುವ ಶಾಟನ್ನು ಎರಡು ತಿಂಗಳ ನಂತರ ಸ್ಟುಡಿಯೋದ ಸೆಟ್ಟಿನಲ್ಲಿ ತೆಗೆಯುವುದು ದಿನನಿತ್ಯದ ರೂಢಿ. ಆದ್ದರಿಂದ ನಿರ್ದೇಶನ ವಿಭಾಗದ ಸಹಾಯಕರೊಬ್ಬರು ಪ್ರತಿ ಶಾಟಿನ ಸಂಖ್ಯೆ, ಟೇಕಿನ ಸಂಖ್ಯೆ, ಅಂಗಿಯ ಎಷ್ಟು ಗುಂಡಿ ಹಾಕಿತ್ತು, ಲೋಟ ಯಾವ ಕೈಯಲ್ಲಿತ್ತು, ಅದರಲ್ಲಿ ನೀರು ಎಷ್ಟಿತ್ತು ಎಂಬ ವಿವರಗಳನ್ನು ಹಾಳೆಯ ಮೇಲೆ ಗುರುತು ಹಾಕಿಕೊಂಡು, ಮುಂದಿನ ಶಾಟಿನ ಹೊತ್ತಿಗೆ ಅವನ್ನೆಲ್ಲ ಹಾಗೆಯೇ ಕೂಡಿಸಿ ಕೊಡುತ್ತಾರೆ. ಆ ಹಾಳೆಯಲ್ಲಿ ಒಂದು ಗೆರೆ ತಪ್ಪಿದರೆ ಅದು ತೆರೆಯ ಮೇಲೆ ಕಂಟಿನ್ಯುಟಿ ದೋಷವಾಗಿ ಉಳಿಯುತ್ತದೆ.

ಲೋಟಕ್ಕೂ ಗಡಿಯಾರಕ್ಕೂ ಹೀಗೆ ಕಾವಲು ಹಾಕುವುದು ಸಾಧ್ಯವಾದರೂ ವೈಜ್ಞಾನಿಕ ಕಾಲ್ಪನಿಕ ಚಿತ್ರಗಳ ಬಾಹ್ಯಾಕಾಶ ನೌಕೆ ಆ ಕಾವಲಿಗೆ ಸುಲಭವಾಗಿ ಸಿಕ್ಕುವ ವಸ್ತುವಲ್ಲ, ಏಕೆಂದರೆ ಇಡಿಯಾದ ನೌಕೆ ಎಂಬುದು ಎಲ್ಲಿಯೂ ಇರುವುದಿಲ್ಲ. ಪಾತ್ರಗಳು ಏರಿ ಇಳಿಯುವುದಕ್ಕೆಂದು ಹೊರಮೈಯ ಒಂದು ಭಾಗವನ್ನು ನಿಜವಾದ ಅಳತೆಯಲ್ಲಿ ಕಟ್ಟಿರುತ್ತಾರೆ. ಒಳಗಿನ ಕೋಣೆಗಳನ್ನು ಬೇರೊಂದು ಕಡೆ ಬಿಡಿ ಸೆಟ್ಟುಗಳಾಗಿ ನಿಲ್ಲಿಸಿರುತ್ತಾರೆ. ಹಾರುವ ದೃಶ್ಯಗಳಿಗೆ ಮಿನಿಯೇಚರ್ ಎನ್ನುವ ಚಿಕ್ಕ ಮಾದರಿಗಳನ್ನು ಎರಡು ಮೂರು ಗಾತ್ರಗಳಲ್ಲಿ ಮಾಡಿಸಿರುತ್ತಾರೆ. ಇವು ಯಾವುವೂ ಸಾಲದ ಕಡೆ ಗಾಜಿನ ಮೇಲೆ ಬರೆದ ಚಿತ್ರವನ್ನು ಸೇರಿಸುತ್ತಾರೆ. ಬಡಗಿಗಳು, ಮಾದರಿ ಕುಶಲಿಗಳು, ಚಿತ್ರಕಾರರು, ಸಂಕಲನಕಾರರು ಬೇರೆ ಬೇರೆ ಛಾವಣಿಗಳ ಕೆಳಗೆ, ಬೇರೆ ಬೇರೆ ಗಡುವುಗಳ ಒತ್ತಡದಲ್ಲಿ ಮಾಡಿದ ತುಂಡುಗಳು ಪ್ರೇಕ್ಷಕರ ತಲೆಯೊಳಗೆ ಮಾತ್ರ ಒಂದಾಗಿ ಕೂಡಿಕೊಂಡು ಹಾರುತ್ತವೆ. ಆ ತುಂಡುಗಳ ನಡುವಿನ ಬೆಸುಗೆ ಬಿಟ್ಟ ಜಾಗಗಳೇ ಈ ಲೇಖನದ ವಸ್ತು.

ಒಳಗಿಗೂ ಹೊರಗಿಗೂ ತಾಳೆಯಿಲ್ಲ

ಅತಿ ಸಾಮಾನ್ಯವಾದ ದೋಷವೆಂದರೆ ಒಳಾಂಗಣವು ಹೊರಮೈಗಿಂತ ದೊಡ್ಡದಾಗಿರುವುದು. ಅಮೆರಿಕದಲ್ಲಿ 1966ರ ಸೆಪ್ಟೆಂಬರಿನಲ್ಲಿ ಪ್ರಸಾರ ಆರಂಭಿಸಿದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಗೆಲಿಲಿಯೊ ಎಂಬ ಪುಟ್ಟ ನೌಕೆ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ನೌಕೆಯಿಂದ ಗ್ರಹಕ್ಕೆ ಇಳಿಯುವ ದೋಣಿಯಂಥ ಈ ವಾಹನದ ಹೊರಮೈಯನ್ನು ಕಟ್ಟಲು ಧಾರಾವಾಹಿಯ ಬಳಿ ಹಣವಿರಲಿಲ್ಲ. ಆಟಿಕೆ ಮಾದರಿಗಳನ್ನು ಮಾರುವ ಎಎಂಟಿ ಕಂಪನಿಯು, ನೌಕೆಗಳ ಮಾದರಿಗಳನ್ನು ಮಾರುಕಟ್ಟೆಗೆ ತರುವ ಹಕ್ಕಿಗೆ ಬದಲಾಗಿ, ಅದನ್ನು ಕಟ್ಟಿಸಿಕೊಟ್ಟಿತು. ಹಾಗೆ ಬಂದ ಹೊರಮೈ ಸುಮಾರು 22 ಅಡಿ ಉದ್ದದ್ದು, ಸಾಗಿಸುವುದಕ್ಕೂ ಸೆಟ್ಟಿನಲ್ಲಿ ಇಡುವುದಕ್ಕೂ ಅನುಕೂಲವಾಗುವಷ್ಟು ತಗ್ಗಿನದು. ಒಳಾಂಗಣದ ಸೆಟ್ಟನ್ನು ಮಾತ್ರ ನಟರು ತಲೆಯೆತ್ತಿ ನಿಂತು ಮಾತನಾಡುವಂತೆ, ಕ್ಯಾಮೆರಾ ಹಿಂದೆ ಸರಿಯಲು ಜಾಗ ಇರುವಂತೆ ಕಟ್ಟಲಾಯಿತು. ಪರಿಣಾಮವಾಗಿ, ಬಾಗಿಲಲ್ಲಿ ಬಗ್ಗಿ ಒಳಗೆ ಹೋಗುವ ಆಸಾಮಿ ಮರುಕ್ಷಣವೇ ನೆಟ್ಟಗೆ ನಿಂತಿರುತ್ತಾನೆ, ತಲೆಯ ಮೇಲೆ ಇನ್ನೂ ಜಾಗ ಉಳಿದಿರುತ್ತದೆ. ಬಾಗಿಲು ಒಂದೇ ಎಂದು ಕಥೆ ಹೇಳುತ್ತದೆ, ಅಳತೆಯ ಪಟ್ಟಿ ಎರಡು ಎಂದು ಹೇಳುತ್ತದೆ.

ಅದೇ ಧಾರಾವಾಹಿಯ ಮುಖ್ಯ ನೌಕೆಯಾದ ಎಂಟರ್‌ಪ್ರೈಸ್‌ನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ನೌಕೆಯ ತಟ್ಟೆಯಾಕಾರದ ಮುಂಭಾಗದ ನೆತ್ತಿಯಲ್ಲಿ ಗುಮ್ಮಟದಂಥ ಕಪ್ತಾನನ ಕೋಣೆ ಇದ್ದು, ಅದರ ಹಿಂದೆ ನೌಕೆಯ ಉದ್ದದ ನಡುಗೆರೆಯ ಮೇಲೆ ಸರಿಯಾಗಿ ಕೊಳವೆಯಂಥ ಒಂದು ಚಿಕ್ಕ ಉಬ್ಬು ಇದೆ. ಅದು ಲಿಫ್ಟಿನ ದಾರಿ ಎಂದು ನೋಡಿದವರಿಗೆಲ್ಲ ಅನಿಸುತ್ತದೆ. ಆದರೆ ಕೋಣೆಯ ಸೆಟ್ಟಿನೊಳಗೆ ಲಿಫ್ಟಿನ ಬಾಗಿಲು ಕಪ್ತಾನನ ಬೆನ್ನ ಹಿಂದೆ ನೇರವಾಗಿ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ದುಂಡನೆಯ ಆ ಸೆಟ್ಟನ್ನು ಹಲಸಿನ ತೊಳೆ ಬಿಡಿಸಿದಂತೆ ಬೇಕಾದ ತುಂಡನ್ನು ಹೊರಗೆಳೆದು ಅಲ್ಲಿ ಕ್ಯಾಮೆರಾ ಇಡಲು ಬರುವಂತೆ 10 ಸಮಭಾಗಗಳ ಲೆಕ್ಕದಲ್ಲಿ ರೂಪಿಸಲಾಗಿತ್ತು. ಒಂದು ಭಾಗಕ್ಕೆ 36 ಡಿಗ್ರಿ. ಬಾಗಿಲು ಸರಿದಿರುವುದೂ ಸರಿಯಾಗಿ ಒಂದು ಭಾಗದಷ್ಟು. ಕಪ್ತಾನನನ್ನು ಮುಂದಿನಿಂದ ತೋರಿಸುವಾಗ ಹಿಂದಿನ ಬಾಗಿಲಿನಿಂದ ಬರುವ ಪಾತ್ರವೂ ಅದೇ ಚೌಕಟ್ಟಿನಲ್ಲಿ ಮರೆಯಾಗದೆ ಕಾಣಬೇಕೆಂದರೆ ಬಾಗಿಲು ಪಕ್ಕಕ್ಕೆ ಇರುವುದೇ ಅನುಕೂಲ. ಹೊರಗಿನ ಉಬ್ಬನ್ನು ನಂಬಿದರೆ ಕಪ್ತಾನ ನೌಕೆ ಸಾಗುವ ದಿಕ್ಕಿಗೆ 36 ಡಿಗ್ರಿ ಓರೆಯಾಗಿ ಮುಖ ಮಾಡಿ ಕುಳಿತಿದ್ದಾನೆಂದು ಒಪ್ಪಬೇಕು. ಕಪ್ತಾನ ನೆಟ್ಟಗೆ ಕುಳಿತಿದ್ದಾನೆಂದರೆ ಉಬ್ಬಿಗೆ ಅರ್ಥವಿಲ್ಲ. ಅಭಿಮಾನಿಗಳು ದಶಕಗಳಿಂದ ಈ ಎರಡರಲ್ಲಿ ಒಂದನ್ನು ಉಳಿಸಲು ನಕ್ಷೆ ಬರೆಯುತ್ತಲೇ ಇದ್ದಾರೆ.

‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರದ ಡಿಸ್ಕವರಿ ನೌಕೆಯ ವಿಷಯದಲ್ಲಿ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಹಣಕ್ಕೂ ಶ್ರಮಕ್ಕೂ ಹಿಂದೆಗೆದವರಲ್ಲ. ಗಗನಯಾತ್ರಿಗಳು ತೂಕದ ಅನುಭವ ಪಡೆಯುವ ತಿರುಗುವ ಕೋಣೆಗಾಗಿ 38 ಅಡಿ ವ್ಯಾಸದ ಒಂದು ಚಕ್ರವನ್ನೇ ಇಂಗ್ಲೆಂಡಿನ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಎಂಜಿನಿಯರಿಂಗ್ ಸಂಸ್ಥೆಯಿಂದ ಕಟ್ಟಿಸಲಾಯಿತು. ಅದಕ್ಕೆ ತಗುಲಿದ ವೆಚ್ಚ 7.5 ಲಕ್ಷ ಡಾಲರ್. ಹೊರನೋಟಕ್ಕೆ 54 ಅಡಿ ಉದ್ದದ ಮಾದರಿಯನ್ನು ಮಾಡಲಾಯಿತು. ಹೀಗಿದ್ದರೂ ಮಾದರಿಯ ತುದಿಯಲ್ಲಿರುವ ಗೋಳದೊಳಗೆ ಆ ಚಕ್ರ, ಮೂರು ಕಿರುನೌಕೆಗಳನ್ನು ನಿಲ್ಲಿಸುವ ಅಂಗಳ, ನಿಯಂತ್ರಣ ಕೋಣೆ, ಕಂಪ್ಯೂಟರಿನ ಕೋಣೆ ಇವೆಲ್ಲವನ್ನೂ ತುರುಕುವ ಲೆಕ್ಕ ಇಂದಿಗೂ ಆಸಕ್ತರ ಬೆವರು ಇಳಿಸುತ್ತದೆ. ಈ ಚಿತ್ರದಲ್ಲಿ ಬೇಕೆಂದೇ ಮಾಡಿದ ಒಂದು ಲೋಪವೂ ಇದೆ. ಪರಮಾಣು ಶಕ್ತಿಯಿಂದ ಚಲಿಸುವ ನೌಕೆಗೆ ಶಾಖವನ್ನು ಹೊರಹಾಕುವ ಅಗಲವಾದ ಹಲಗೆಗಳು ಬೇಕೇ ಬೇಕು. ಆದರೆ ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಈ ನೌಕೆಗೆ ರೆಕ್ಕೆ ಯಾಕೆ ಎಂದು ಪ್ರೇಕ್ಷಕರು ಕೇಳಿಯಾರೆಂಬ ಅಳುಕಿನಿಂದ ಅವುಗಳನ್ನು ಕೈಬಿಡಲಾಯಿತು. ವಿಜ್ಞಾನದ ಸತ್ಯವೇ ನೋಡುಗರ ಕಣ್ಣಿಗೆ ದೋಷವಾಗಿ ಕಾಣುವ ಪ್ರಸಂಗಗಳೂ ಇವೆ ಎಂಬುದಕ್ಕೆ ಇದು ಸಾಕ್ಷಿ.

ಹಳೆಯ ರೀಲು, ಹೊಸ ಮೈ

ಎರಡನೆಯ ಬಗೆಯ ದೋಷಕ್ಕೆ ಕಾರಣ ಉಳಿತಾಯ. ಎಂಟರ್‌ಪ್ರೈಸ್‌ನ ದೊಡ್ಡ ಮಾದರಿ ಸುಮಾರು 11 ಅಡಿ ಉದ್ದದ್ದು. ಮ್ಯಾಟ್ ಜೆಫರೀಸ್ ಅವರ ವಿನ್ಯಾಸದಂತೆ ಕ್ಯಾಲಿಫೋರ್ನಿಯಾದಲ್ಲಿ ಅದನ್ನು 1964ರ ಕೊನೆಯಲ್ಲಿ ಕಟ್ಟಿ ಮುಗಿಸಲಾಯಿತು. ಧಾರಾವಾಹಿಗೆ ಒಪ್ಪಿಗೆ ಸಿಗುವ ಮುನ್ನ ಪರೀಕ್ಷಾರ್ಥವಾಗಿ ಎರಡು ಕಂತುಗಳನ್ನು ತೆಗೆದಾಗ ಆ ಮಾದರಿಯ ಎರಡು ಎಂಜಿನ್ ಕೊಳವೆಗಳ ಮುಂತುದಿಗೆ ಸೂಜಿಯಂಥ ಮೊನೆಗಳಿದ್ದ ಮುಚ್ಚಳಗಳಿದ್ದವು, ಹಿಂತುದಿಯಲ್ಲಿ ತೂತುಗಳಿದ್ದವು. ಧಾರಾವಾಹಿ ಶುರುವಾಗುವ ಹೊತ್ತಿಗೆ ಮುಂತುದಿಗೆ ಒಳಗಿನಿಂದ ದೀಪ ತಿರುಗುವ ಅರೆಪಾರದರ್ಶಕ ಗುಮ್ಮಟಗಳು ಬಂದವು, ಹಿಂತುದಿಗೆ ಗೋಳಗಳು ಕೂತವು. ಆದರೆ ಪರೀಕ್ಷಾ ಕಂತುಗಳಿಗೆಂದು ತೆಗೆದ ಹಾರಾಟದ ಶಾಟುಗಳು ಡಬ್ಬಿಯಲ್ಲಿ ಹಾಗೆಯೇ ಇದ್ದವು, ಮತ್ತು ಪ್ರತಿ ವಾರ ಹೊಸ ಟ್ರಿಕ್ ಶಾಟ್ ತೆಗೆಯುವಷ್ಟು ದುಡ್ಡೂ ಸಮಯವೂ ಇರಲಿಲ್ಲ. ಸಂಕಲನಕಾರರು ಹಳೆಯದನ್ನೂ ಹೊಸದನ್ನೂ ಬೆರೆಸಿದರು. ಆದ್ದರಿಂದ ಒಂದೇ ಕಂತಿನಲ್ಲಿ, ಒಂದೇ ಗ್ರಹವನ್ನು ಸುತ್ತುವಾಗ, ನೌಕೆಗೆ ಮೊನೆ ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ.

ಆ ಮಾದರಿಯಲ್ಲಿ ಇನ್ನೂ ಒಂದು ಗುಟ್ಟು ಇತ್ತು. ದೀಪಗಳಿಗೆ ವಿದ್ಯುತ್ ಒಯ್ಯುವ ತಂತಿಗಳೆಲ್ಲ ಎಡಬದಿಯಿಂದ ಒಳಹೋಗುತ್ತಿದ್ದುದರಿಂದ ಬಲಬದಿಯನ್ನು ಮಾತ್ರ ಪೂರ್ತಿಯಾಗಿ ಅಲಂಕರಿಸಲಾಗಿತ್ತು. ನೌಕೆ ಎದುರು ದಿಕ್ಕಿಗೆ ಹೋಗುವುದನ್ನು ತೋರಿಸಬೇಕಾದಾಗ ಮೈಮೇಲಿನ ಅಕ್ಷರಗಳನ್ನೂ ಅಂಕಿಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಂಟಿಸಿ, ಶಾಟ್ ತೆಗೆದು, ಆ ಫಿಲ್ಮನ್ನು ಮಗುಚಿ ಮುದ್ರಿಸುತ್ತಿದ್ದರು; ಆಗ ಅಕ್ಷರಗಳು ನೆಟ್ಟಗಾಗಿ, ನೌಕೆ ಎಡಬದಿಯನ್ನು ತೋರಿಸಿದಂತೆ ಕಾಣುತ್ತಿತ್ತು. ಕೋಟ್ಯಂತರ ಜನ ನೋಡಿದ ಎಡಬದಿ ಹೀಗೆ ಮಗುಚಿದ ಬಲಬದಿಯೇ ಆಗಿತ್ತು. 1974ರಲ್ಲಿ ಈ ಮಾದರಿ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. 2016ರಲ್ಲಿ ಜೀರ್ಣೋದ್ಧಾರಗೊಂಡು ಅಲ್ಲಿಯ ವೈಮಾನಿಕ ಸಭಾಂಗಣದಲ್ಲಿ, ನಿಜವಾಗಿ ಹಾರಿದ ಯಂತ್ರಗಳ ಸಾಲಿನಲ್ಲಿ, ನಿಂತಿತು.

‘ಸ್ಟಾರ್ ವಾರ್ಸ್’ (1977) ಚಿತ್ರದ ಮಿಲೇನಿಯಂ ಫಾಲ್ಕನ್ ನೌಕೆಯ ಕಾಲುಗಳ ಕಥೆ ಈ ಸಾಲಿನಲ್ಲಿ ಹೆಚ್ಚು ಹೆಸರಾದದ್ದು. ಮೊದಲ ಚಿತ್ರಕ್ಕಾಗಿ ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಈ ನೌಕೆಯ ಅರ್ಧ ಮೈಯನ್ನು ಮಾತ್ರ ನಿಜವಾದ ಗಾತ್ರದಲ್ಲಿ ಕಟ್ಟಿದ್ದರು. ಅದು ಎಷ್ಟು ಭಾರವಾಗಿತ್ತೆಂದರೆ ಅಲುಗಾಡಿಸುವ ಮಾತೇ ಇರಲಿಲ್ಲ. ಮರುಭೂಮಿಯ ಬಂದರಿನ ಸೆಟ್ಟನ್ನು ಅದರ ಸುತ್ತ ಕಟ್ಟಿ ಚಿತ್ರೀಕರಣ ಮುಗಿಸಿ, ಆ ಗೋಡೆಗಳನ್ನು ಕಳಚಿ, ಶತ್ರು ಕೋಟೆಯ ಅಂಗಳವನ್ನು ಮತ್ತೆ ಅದರ ಸುತ್ತಲೇ ಕಟ್ಟಿದರು. ಕಥೆಯಲ್ಲಿ ನೌಕೆ ನಕ್ಷತ್ರಗಳ ನಡುವೆ ಹಾರಾಡಿದರೂ ಸ್ಟುಡಿಯೋದಲ್ಲಿ ಲೋಕಗಳೇ ಅದರ ಬಳಿಗೆ ಬಂದುಹೋದವು. ಆ ಚಿತ್ರದಲ್ಲಿ ಫಾಲ್ಕನ್ನಿಗೆ ಮೂರು ಕಾಲುಗಳಿದ್ದವು. 1980ರಲ್ಲಿ ಬಂದ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರಕ್ಕೆ ಇಡಿಯಾದ ನೌಕೆಯನ್ನು ವೇಲ್ಸ್‌ನ ಪೆಂಬ್ರೋಕ್ ಡಾಕ್ ಎಂಬಲ್ಲಿ ಹೊಸದಾಗಿ ಕಟ್ಟಿಸಿ ತಂದಾಗ ಕಾಲುಗಳು ಐದಾದವು. ಹಾರಾಟಕ್ಕೆ ಬಳಸುವ ಮಾದರಿಯೂ ಬದಲಾಯಿತು: ಮೊದಲ ಚಿತ್ರದ ಮಾದರಿ ಸುಮಾರು ಐದು ಅಡಿಯದಾಗಿ ಎತ್ತಿ ತಿರುಗಿಸಲು ತ್ರಾಸದಾಯಕವಾಗಿದ್ದುದರಿಂದ, ಎರಡನೆಯ ಚಿತ್ರಕ್ಕೆ 32 ಅಂಗುಲದ ಹಗುರ ಮಾದರಿಯನ್ನು ಮಾಡಲಾಯಿತು. ಕಥೆಯಲ್ಲಿ ಮಾತ್ರ ಅದೇ ನೌಕೆ, ಅದೇ ಕಪ್ತಾನ. ನಡುವೆ ಎರಡು ಕಾಲುಗಳನ್ನು ಯಾವ ಕಮ್ಮಾರ ಎಲ್ಲಿ ಜೋಡಿಸಿದನೆಂದು ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ.

ಮಾದರಿಯೇ ಉಳಿಯದಿದ್ದಾಗ ಸಮಸ್ಯೆ ಇನ್ನೂ ಬಿಗಡಾಯಿಸುತ್ತದೆ. ತನ್ನ ಚಿತ್ರದ ಸೆಟ್ಟುಗಳೂ ಮಾದರಿಗಳೂ ಇನ್ನಾವುದೋ ಅಗ್ಗದ ಚಿತ್ರದಲ್ಲಿ ಬಳಕೆಯಾಗಬಾರದೆಂದು ಕುಬ್ರಿಕ್ ಡಿಸ್ಕವರಿಯ ಸಾಮಗ್ರಿಯನ್ನು ನಾಶ ಮಾಡಿಸಿದರು. 1984ರಲ್ಲಿ ‘2010’ ಎಂಬ ಮುಂದುವರಿಕೆಯ ಚಿತ್ರ ತೆಗೆಯುವಾಗ ಅದೇ ನೌಕೆ ಮತ್ತೆ ಬೇಕಾಯಿತು. ಹೊಸ ಕುಶಲಿಗಳು ಹಳೆಯ ಚಿತ್ರದ ಚೌಕಟ್ಟುಗಳನ್ನು ದೊಡ್ಡದಾಗಿಸಿಕೊಂಡು, ಶಾಸನತಜ್ಞರು ಸವೆದ ಅಕ್ಷರಗಳನ್ನು ಓದುವಂತೆ ಒಂದೊಂದು ಗೆರೆಯನ್ನೂ ಓದಿ ಮಾದರಿಯನ್ನು ಮರಳಿ ಕಟ್ಟಬೇಕಾಯಿತು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನು ಓದಿದ ನಾಡಿನವರಿಗೆ ಈ ಕೆಲಸದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ವಿಜಯನಗರಕ್ಕೆ ಹೋದ ಯಂತ್ರ

ರಾಯಚೂರು ಸೀಮೆಯ ಟಾಕೀಸುಗಳಲ್ಲಿ ಕನ್ನಡದ ಜೊತೆಗೆ ತೆಲುಗು ಚಿತ್ರಗಳಿಗೂ ಮೊದಲಿನಿಂದ ಜನವುಂಟು. ಆ ಭಾಷೆಯಲ್ಲಿ 1991ರಲ್ಲಿ ಬಂದ ‘ಆದಿತ್ಯ 369’ ಈ ಭಾಗದ ಚರಿತ್ರೆಗೂ ತಾಗುವ ವೈಜ್ಞಾನಿಕ ಕಾಲ್ಪನಿಕ ಚಿತ್ರ. ಕನ್ನಡಿಗರಿಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಚಿತ್ರಗಳ ಮೂಲಕ ಪರಿಚಿತರಾದ ಸಿಂಗೀತಂ ಶ್ರೀನಿವಾಸರಾವ್ ಅದರ ನಿರ್ದೇಶಕರು. ಅದರಲ್ಲಿ ಕಾಲಯಂತ್ರವೊಂದು ವರ್ತಮಾನದಿಂದ 1526ರ ವಿಜಯನಗರಕ್ಕೂ ಅಲ್ಲಿಂದ 2504ರ ಭವಿಷ್ಯಕ್ಕೂ ಹೋಗುತ್ತದೆ. ಕೃಷ್ಣದೇವರಾಯ ರಾಯಚೂರು ಕೋಟೆಗಾಗಿ ಬಿಜಾಪುರದ ಸುಲ್ತಾನನೊಡನೆ ಕಾದಿ ಗೆದ್ದ 1520ರ ಯುದ್ಧಕ್ಕೆ ಆರು ವರ್ಷ ಈಚಿನ ಕಾಲ ಆ 1526. ಚಿತ್ರೀಕರಣದ ನಡುವೆ ಛಾಯಾಗ್ರಾಹಕ ಪಿ.ಸಿ. ಶ್ರೀರಾಮ್ ಅನಾರೋಗ್ಯಕ್ಕೆ ಒಳಗಾದ್ದರಿಂದ ವಿ.ಎಸ್.ಆರ್. ಸ್ವಾಮಿ ಮತ್ತು ಕಬೀರ್ ಲಾಲ್ ಕೆಲಸ ಮುಂದುವರಿಸಿದರು. ಒಂದೇ ಚಿತ್ರಕ್ಕೆ ಮೂವರ ಕಣ್ಣು ಬಿದ್ದರೆ ಬೆಳಕಿನ ಹದ, ಬಣ್ಣದ ಹದ ತಪ್ಪಿ ಕಂಟಿನ್ಯುಟಿ ಕೆಡುವುದು ಸಹಜ. ಆದರೆ ಇಲ್ಲಿ ಕಥೆಯೇ ಮೂರು ಕಾಲಗಳಲ್ಲಿ ಹಂಚಿಹೋಗಿರುವುದರಿಂದ ಒಂದೊಂದು ಕಾಲ ಒಂದೊಂದು ಬಗೆಯಲ್ಲಿ ಕಂಡರೆ ಅದು ಸೊಗಸಾಯಿತೇ ಹೊರತು ತಪ್ಪಾಗಲಿಲ್ಲ. ಬದಲಾವಣೆಗೆ ಕಥೆಯ ಅಪ್ಪಣೆ ಇದ್ದಾಗ ದೋಷಕ್ಕೆ ಎಡೆಯಿಲ್ಲವೆಂಬುದನ್ನು ಈ ಚಿತ್ರ ತೋರಿಸುತ್ತದೆ. ಫಾಲ್ಕನ್ನಿನ ಎರಡು ಕಾಲುಗಳಿಗೆ ಇಲ್ಲದೆ ಹೋದದ್ದು ಇಂಥ ಅಪ್ಪಣೆಯೇ.

ಆನೇಕಲ್ಲಿನ ವಿಮಾನಗಳು

ತೆರೆಯ ನೌಕೆಗಳಿಗೆ ಬಂದ ಈ ರೋಗ ಕಾಗದದ ಮೇಲಿನ ನೌಕೆಗಳಿಗೂ ಬರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಆನೇಕಲ್ಲಿನಲ್ಲಿ ನೆಲೆಸಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ‘ವೈಮಾನಿಕ ಶಾಸ್ತ್ರ’ ಎಂಬ ಸಂಸ್ಕೃತ ಗ್ರಂಥವನ್ನು 1918ರಿಂದ 1923ರವರೆಗೆ ಬಾಯಿಂದ ಹೇಳುತ್ತ ಹೋದರು, ಜಿ. ವೆಂಕಟಾಚಲ ಶರ್ಮರು ಅದನ್ನು ಬರೆದುಕೊಂಡರು. ಭರದ್ವಾಜ ಮಹರ್ಷಿಯ ಜ್ಞಾನ ತಮಗೆ ಗೋಚರವಾಗಿ ಬಂದದ್ದೆಂಬುದು ಶಾಸ್ತ್ರಿಗಳ ನಿಲುವು. ಹೇಳಿ ಬರೆಸಿದ ಪಠ್ಯಕ್ಕೆ ಚಿತ್ರಗಳನ್ನು ಬರೆದವರು ಟಿ.ಕೆ. ಎಲ್ಲಪ್ಪ ಎಂಬ ನಕ್ಷೆಗಾರರು; ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೆಲಸದಲ್ಲಿದ್ದ ಅವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ 1923ರಲ್ಲಿ ಅವುಗಳನ್ನು ಸಿದ್ಧಪಡಿಸಿದರು. ಮೈಸೂರಿನ ಜಿ.ಆರ್. ಜೋಸ್ಯರ್ ಅವರು 1973ರಲ್ಲಿ ಪಠ್ಯ, ಇಂಗ್ಲಿಷ್ ಅನುವಾದ, ಚಿತ್ರ ಮೂರನ್ನೂ ಕೂಡಿಸಿ ಪ್ರಕಟಿಸಿದ ಮೇಲೆ ಅದು ದೇಶವಿದೇಶಗಳಲ್ಲಿ ಹೆಸರಾಯಿತು.

ಮರುವರ್ಷವೇ, ಅಂದರೆ 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು ಎಂಬ ಐವರು ವಿದ್ವಾಂಸರು ಈ ಗ್ರಂಥವನ್ನು ವೈಮಾನಿಕ ಎಂಜಿನಿಯರಿಂಗ್‌ನ ಒರೆಗಲ್ಲಿಗೆ ಹಚ್ಚಿ ನೋಡಿದರು. ಹಕ್ಕಿಯಾಕಾರದ ಶಕುನ, ಶಂಕುವಿನಂತೆ ಮೇಲಕ್ಕೆ ಚೂಪಾಗುವ ಸುಂದರ ಮತ್ತು ರುಕ್ಮ, ನೆಲ ನೀರು ಗಾಳಿ ಮೂರರಲ್ಲಿಯೂ ಸಾಗಬಲ್ಲದೆಂದು ಹೇಳಲಾದ ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ಆಯ್ದುಕೊಂಡು, ಅವುಗಳ ಆಕಾರ, ಭಾರ, ನೂಕುಬಲಗಳನ್ನು ಪರಿಶೀಲಿಸಿದ ಅವರು, ಇವುಗಳಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲವೆಂಬ ತೀರ್ಮಾನಕ್ಕೆ ಬಂದರು. ಗ್ರಂಥದ ಭಾಷೆ ಆಧುನಿಕ ಸಂಸ್ಕೃತವೆಂದೂ, ರಚನೆಯ ಕಾಲ 1904ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲವೆಂದೂ ಅವರು ತೋರಿಸಿದರು. ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಅವರ ಇನ್ನೊಂದು ಮಾತು ಅಷ್ಟಾಗಿ ಚರ್ಚೆಗೆ ಬಂದಿಲ್ಲ: ಪಠ್ಯ ಹೇಳುವ ವಿಮಾನವೂ ಚಿತ್ರ ತೋರಿಸುವ ವಿಮಾನವೂ ಒಂದಕ್ಕೊಂದು ಕೂಡುವುದಿಲ್ಲ, ಮತ್ತು ಚಿತ್ರಗಳಲ್ಲಿ ಆಧುನಿಕ ಯಂತ್ರಗಳ ಪರಿಚಯ ಸ್ಪಷ್ಟವಾಗಿ ಕಾಣುತ್ತದೆ.

ಹಾರುವುದೋ ಇಲ್ಲವೋ ಎಂಬ ವಾದವನ್ನು ಬದಿಗಿಟ್ಟು ಈ ಹೊಂದಾಣಿಕೆಯ ಪ್ರಶ್ನೆಯನ್ನಷ್ಟೇ ನೋಡಿದರೆ, ಆನೇಕಲ್ಲಿನ ವಿಮಾನಗಳಿಗೂ ಎಲ್‌ಸ್ಟ್ರೀ ಸ್ಟುಡಿಯೋದ ಫಾಲ್ಕನ್ನಿಗೂ ಇರುವ ನೆಂಟಸ್ತಿಕೆ ಗೋಚರಿಸುತ್ತದೆ. ಹೇಳಿದವರು ಒಬ್ಬರು, ಬರೆದುಕೊಂಡವರು ಇನ್ನೊಬ್ಬರು, ಚಿತ್ರಿಸಿದವರು ಮತ್ತೊಬ್ಬರು. ಹೇಳಿದವರ ಮನಸ್ಸಿನಲ್ಲಿ ಪುರಾಣದ ವಿಮಾನವಿತ್ತು, ಗೆರೆ ಎಳೆದವರ ಕೈಗೆ ಕಾಲೇಜಿನ ಯಂತ್ರಶಾಲೆಯ ರೂಢಿಯಿತ್ತು. ಚಿತ್ರ ಮುಗಿದ ಮೇಲೆ ಪಠ್ಯದ ಪಕ್ಕಕ್ಕೆ ಇಟ್ಟು ಒಂದೊಂದು ಅಳತೆಯನ್ನೂ ತಾಳೆ ನೋಡುವ ಇನ್ನೊಬ್ಬ ವ್ಯಕ್ತಿ ಅಲ್ಲಿರಲಿಲ್ಲ. ಐವತ್ತು ವರ್ಷಗಳ ನಂತರ ಆ ಕೆಲಸ ವಿಜ್ಞಾನ ಸಂಸ್ಥೆಯ ಪಾಲಿಗೆ ಬಂತು. ಪುರಾಣದ ಪುಷ್ಪಕದ ಬಗ್ಗೆ ಯಾರೂ ಇಂಥ ಪರೀಕ್ಷೆಗೆ ಹೊರಡುವುದಿಲ್ಲವೆಂಬುದೂ ಇಲ್ಲಿ ಗಮನಿಸಬೇಕಾದ ಸಂಗತಿ. ಎಷ್ಟು ಜನ ಹತ್ತಿದರೂ ಜಾಗ ಉಳಿಯುವ ವಿಮಾನವೆಂದು ಜನ ಅದನ್ನು ನಂಬಿಕೊಂಡು ಬಂದಿದ್ದಾರೆ. ಒಳಗು ಹೊರಗಿಗಿಂತ ದೊಡ್ಡದಾಗಿರುವುದೇ ಅದರ ಮಹಿಮೆ. ಕಾವ್ಯದಲ್ಲಿ ಮಹಿಮೆಯಾಗಿದ್ದದ್ದು ನಕ್ಷೆಗೆ ಇಳಿದು ಅಡಿ ಅಂಗುಲಗಳ ಲೆಕ್ಕ ಹಚ್ಚಿಕೊಂಡ ಕೂಡಲೇ ದೋಷವಾಗುತ್ತದೆ, ಏಕೆಂದರೆ ಅಳತೆ ಬರೆದವರು ಅಳೆಯುವವರಿಗೆ ಆಹ್ವಾನ ಕೊಟ್ಟಂತೆಯೇ ಸರಿ.

ಅಳತೆ ತಪ್ಪಬಾರದ ನೌಕೆ

ಕಲ್ಪನೆಯ ನೌಕೆಯಲ್ಲಿ ಅಳತೆ ತಪ್ಪಿದರೆ ನಗು, ನಿಜವಾದ ನೌಕೆಯಲ್ಲಿ ತಪ್ಪಿದರೆ ನಷ್ಟ. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ಸೇರುವ ಹೊತ್ತಿಗೆ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ಎಂಜಿನ್ನಿನ ನೂಕುಬಲದ ಲೆಕ್ಕವನ್ನು ಪೌಂಡುಗಳಲ್ಲಿ ಕೊಡುತ್ತಿತ್ತು, ಅದನ್ನು ಪಡೆದುಕೊಂಡ ಇನ್ನೊಂದು ತಂತ್ರಾಂಶ ಅದು ನ್ಯೂಟನ್‌ಗಳಲ್ಲಿದೆ ಎಂದು ಭಾವಿಸಿತ್ತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು 4.45 ಪಟ್ಟು ಅಂತರ. ಕೈಯಿಂದ ಕೈಗೆ ದಾಟುವಾಗ ಅಳತೆಯ ಗುರುತು ಜೊತೆಗೆ ದಾಟಲಿಲ್ಲ. ಕಂಟಿನ್ಯುಟಿ ಹಾಳೆಯಲ್ಲಿ ಗಡಿಯಾರ ಯಾವ ಕೈಯಲ್ಲಿತ್ತೆಂದು ಬರೆದುಕೊಳ್ಳಲು ಮರೆತ ಸಹಾಯಕನ ತಪ್ಪಿಗೂ ಇದಕ್ಕೂ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ.

ಆದ್ದರಿಂದಲೇ ನಿಜವಾದ ನೌಕೆ ಕಟ್ಟುವವರು ಈ ಹಾಳೆಯನ್ನು ಒಂದು ಪ್ರತ್ಯೇಕ ಶಿಸ್ತಾಗಿ ಬೆಳೆಸಿದ್ದಾರೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿದ 360 ಕಿಲೋ ತೂಕದ ಆರ್ಯಭಟ ಉಪಗ್ರಹದಿಂದ ಮೊದಲಾಗಿ, ಭಾರತದ ಬಾಹ್ಯಾಕಾಶ ಸಂಸ್ಥೆ ಇಸ್ರೋ ಕೂಡ ಸಿನಿಮಾದವರಂತೆಯೇ ಮಾದರಿಗಳನ್ನು ಅವಲಂಬಿಸಿದೆ. ಅಲುಗಾಟ ತಡೆಯುವುದೇ ಎಂದು ನೋಡಲು ಒಂದು, ಶಾಖ ತಡೆಯುವುದೇ ಎಂದು ನೋಡಲು ಒಂದು, ವಿದ್ಯುತ್ ಸಂಪರ್ಕಗಳನ್ನು ಪರೀಕ್ಷಿಸಲು ಒಂದು, ಕೊನೆಗೆ ಹಾರುವುದು ಇನ್ನೊಂದು ಎಂಬಂತೆ ಇಲ್ಲಿಯೂ ಒಂದೇ ನೌಕೆಗೆ ಹಲವು ಮೈಗಳಿರುವುದುಂಟು. ಸೆಟ್ಟುಗಳೂ ಉಂಟು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನ ಕುಳಿಗಳನ್ನು ಹೋಲುವ ಕುಳಿಗಳನ್ನು ತೋಡಿ, ಅವುಗಳ ಮೇಲೆ ವಿಮಾನ ಹಾರಿಸಿ, ಚಂದ್ರನ ಮೇಲೆ ಇಳಿಯಬೇಕಾದ ಲ್ಯಾಂಡರ್ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲಾಯಿತು. ತಮಿಳುನಾಡಿನ ಸಿತಂಪೂಂಡಿಯ ಕಲ್ಲನ್ನು ಪುಡಿ ಮಾಡಿಸಿ ಬೆಂಗಳೂರಿನಲ್ಲಿ ಚಂದ್ರನ ಮಣ್ಣನ್ನು ಹೋಲುವ ನೆಲ ಹಾಸಲಾಯಿತು. ಸಿನಿಮಾದ ಸೆಟ್ಟು ಇನ್ನೊಂದು ಸೆಟ್ಟಿಗೆ ಹೊಂದಿದರೆ ಸಾಕು, ಉಳ್ಳಾರ್ತಿಯ ಸೆಟ್ಟು ಮಾತ್ರ ಸುಮಾರು 3.84 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಅಸಲಿಗೆ ಹೊಂದಬೇಕಾಗಿತ್ತು. ಮಾದರಿಯಲ್ಲಿ ಒಂದು ತಿರುಪು ಬದಲಾದರೂ ಅದಕ್ಕೆ ಸಂಖ್ಯೆ ಕೊಟ್ಟು, ಕಾರಣ ಬರೆದು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಉಳಿದ ಎಲ್ಲ ನಕ್ಷೆಗಳನ್ನೂ ತಿದ್ದಬೇಕೆಂಬುದು ಈ ಕ್ಷೇತ್ರದ ಕಟ್ಟಳೆ.

ಬದಲಾವಣೆಯನ್ನು ಆ ಕಟ್ಟಳೆ ಬೇಡವೆನ್ನುವುದಿಲ್ಲ, ಅದಕ್ಕೆ ಲೆಕ್ಕ ಕೇಳುತ್ತದೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರನ ಮೇಲೆ ಇಳಿಯುವಾಗ ಅಪ್ಪಳಿಸಿದ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್‌ಗೆ ಐದು ಎಂಜಿನ್‌ಗಳಿದ್ದವು. 2023ರ ಆಗಸ್ಟ್ 23ರಂದು ಸುರಕ್ಷಿತವಾಗಿ ಇಳಿದ ಚಂದ್ರಯಾನ-3ರ ವಿಕ್ರಮ್‌ಗೆ ಇದ್ದದ್ದು ನಾಲ್ಕು, ನಡುವಿನದನ್ನು ತೆಗೆಯಲಾಗಿತ್ತು. ಕಾಲುಗಳನ್ನು ಗಟ್ಟಿಗೊಳಿಸಿ, ಸೆಕೆಂಡಿಗೆ 2 ಮೀಟರ್ ವೇಗದ ಬದಲು 3 ಮೀಟರ್ ವೇಗದಲ್ಲಿ ನೆಲ ಮುಟ್ಟಿದರೂ ತಡೆಯುವಂತೆ ಮಾಡಲಾಗಿತ್ತು. ಹೆಸರು ಅದೇ, ಆಕಾರ ಹೆಚ್ಚು ಕಡಿಮೆ ಅದೇ, ಮೈಯ ವಿವರಗಳು ಬೇರೆ. ಫಾಲ್ಕನ್ನಿಗೆ ಎರಡು ಕಾಲು ಕೂಡಿದಂತೆ ವಿಕ್ರಮ್‌ಗೆ ಒಂದು ಎಂಜಿನ್ ಕಳೆದಿದೆ. ಆದರೆ ಆ ಎಂಜಿನ್ ಏಕೆ ಹೋಯಿತೆಂಬುದಕ್ಕೆ ಒಂದು ಅಪಘಾತದ ಚರಿತ್ರೆಯಿದೆ, ಅದನ್ನು ಬರೆದಿಟ್ಟ ಕಾಗದವಿದೆ.

ಇಂದಿನ ಚಿತ್ರಗಳಲ್ಲಿ ನೌಕೆಗಳು ಮರ, ಪ್ಲಾಸ್ಟಿಕ್ಕುಗಳಿಂದ ಕಂಪ್ಯೂಟರಿನೊಳಕ್ಕೆ ಸರಿದಿವೆ. ಒಂದೇ ಡಿಜಿಟಲ್ ಮಾದರಿಯಿಂದ ಎಲ್ಲ ಶಾಟುಗಳೂ ಹುಟ್ಟುವುದರಿಂದ ಮೊನೆ ಮೂಡಿ ಮರೆಯಾಗುವಂಥ ತಪ್ಪುಗಳು ಕಡಿಮೆಯಾಗಿವೆ. ಆದರೂ ಒಳಾಂಗಣಕ್ಕೆ ಇನ್ನೂ ನಿಜವಾದ ಜಾಗ ಬೇಕು. 2009ರ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಿ ಎಂಟರ್‌ಪ್ರೈಸ್‌ನ ಎಂಜಿನ್ ಕೋಣೆಯಾಗಿ ಕಂಡದ್ದು ಕ್ಯಾಲಿಫೋರ್ನಿಯಾದ ಒಂದು ಬಿಯರ್ ಕಾರ್ಖಾನೆ. ಭವಿಷ್ಯದ ನೌಕೆಯ ಹೊಟ್ಟೆಯಲ್ಲಿ ಸಿಮೆಂಟಿನ ನೆಲವನ್ನೂ ಹುದುಗು ಹಾಕುವ ಹಂಡೆಗಳನ್ನೂ ಕಂಡ ಅಭಿಮಾನಿಗಳು ಮತ್ತೆ ಅಳತೆಯ ಪಟ್ಟಿ ಕೈಗೆತ್ತಿಕೊಂಡರು. ಹೀಗೆ ತಪ್ಪು ಹುಡುಕುವುದು ಕೆಲಸವಿಲ್ಲದವರ ಚಾಳಿ ಎಂದು ತಳ್ಳಿಹಾಕುವುದು ಸುಲಭವಾದರೂ, ನೌಕೆಯನ್ನು ನಂಬಿದವರು ಮಾತ್ರ ಅದರ ಬಾಗಿಲು ಅಳೆಯುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ದೇವದುರ್ಗ ಸೀಮೆಯ ಯಾವುದೇ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಈಗ ಥರ್ಮೋಕೋಲಿನ ವಿಕ್ರಮ್ ಲ್ಯಾಂಡರ್ ಕಾಣುವುದು ಸಹಜ. ಬಂಗಾರದ ಬಣ್ಣದ ಕಾಗದ ಸುತ್ತಿ, ನಾಲ್ಕು ಕಾಲು ನಿಲ್ಲಿಸಿ, ಕೆಳಗೆ ಬೂದಿಯೋ ಮರಳೋ ಹರಡಿ ಮಾಡುವ ಆ ಮಾದರಿ ಸ್ವಭಾವದಲ್ಲಿ ಬಯಲಾಟದ ಬೆಂಚಿಗೆ ಹತ್ತಿರದ್ದು. ಇದು ಲ್ಯಾಂಡರ್ ಎಂದು ಮಗು ಹೇಳಿದರೆ ನೋಡಿದವರು ಒಪ್ಪುತ್ತಾರೆ. ಆದರೆ ಮುಂದಿಟ್ಟ ರಟ್ಟಿನ ಚೀಟಿಯ ಮೇಲೆ ಚಂದ್ರಯಾನ-3 ಎಂದು ಬರೆದ ಕ್ಷಣದಿಂದ ಅದು ಬೆಂಚಿನ ಲೋಕ ಬಿಟ್ಟು ಹಾಳೆಯ ಲೋಕಕ್ಕೆ ಬಂದಿರುತ್ತದೆ. ಆಗ ಅದರ ಅಡಿಯಲ್ಲಿ ಅಂಟಿಸಿರುವ ಎಂಜಿನ್ ಬಾಯಿಗಳು ನಾಲ್ಕೋ ಐದೋ ಎಂದು ಬಗ್ಗಿ ನೋಡಿ ಎಣಿಸುವ ಹಕ್ಕು ನೋಡಲು ಬಂದ ಪ್ರತಿಯೊಬ್ಬರಿಗೂ ಇರುತ್ತದೆ.